ಹೂದೋಟದ ಪ್ರಶ್ನೋತ್ತರ: ಬೀಜ ಹಿಡಿಯುವುದು, ಸಸಿ ಎಬ್ಬಿಸುವುದು

ಮುಂಗಾರು ಕಾಲಿಟ್ಟ ಮೇಲೆ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಋತುವಿನಲ್ಲಿ ಹುಟ್ಟಿ, ಹೂಬಿಟ್ಟು, ಬೀಜ ಕಟ್ಟಿ ಮುಗಿಯುವ ವಾರ್ಷಿಕ ಹೂಗಿಡಗಳನ್ನು ಮನೆಯಲ್ಲೇ ವೃದ್ಧಿ ಮಾಡಿಕೊಳ್ಳುವುದನ್ನು ಕುರಿತವು. ಚಿಕ್ಕಬಳ್ಳಾಪುರ, ಕೋಲಾರ ಮತ್ತು ತುಮಕೂರು ಜಿಲ್ಲೆಗಳ ಕೆಮ್ಮಣ್ಣು, ಕೊಳವೆಬಾವಿಯ ನೀರು, ಒಣ ಹವೆ ಬಹುಮಟ್ಟಿಗೆ ಒಂದೇ ಬಗೆಯವಾದ್ದರಿಂದ ಅಲ್ಲಿನ ಓದುಗರ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಕಳೆದ ದಸರಾದಲ್ಲಿ ಬಾಗಿಲಿಗೆ ಕಟ್ಟಿದ್ದ ಚೆಂಡುಹೂವಿನ ತೋರಣವನ್ನು ಒಣಗಿಸಿಟ್ಟು, ಎಸಳುಗಳ ಬುಡದಲ್ಲಿದ್ದ ಕಪ್ಪು ಬೀಜಗಳನ್ನು ಈ ವರ್ಷ ಬಿತ್ತಿದೆ. ಒಂದು ಹಿಡಿ ಬಿತ್ತಿದರೂ ಮೊಳೆತದ್ದು ಕೆಲವೇ. ಬೆಳೆದ ಗಿಡಗಳಲ್ಲಿ ಕೆಲವು ಒಂಟಿ ಸುತ್ತಿನ ಎಸಳಿನ ಹೂ ಬಿಟ್ಟಿವೆ, ಕೆಲವು ಅರೆಬರೆ ತುಂಬಿದ ಹೂ ಬಿಟ್ಟಿವೆ. ಒಂದು ಗಿಡವಂತೂ ಎದೆಯೆತ್ತರ ಬೆಳೆದರೂ ಮೊಗ್ಗು ಹಿಡಿದಿಲ್ಲ. ಮಾರುಕಟ್ಟೆಯಿಂದ ತಂದಾಗ ಹೂವು ಮುಷ್ಟಿಗಾತ್ರವಿದ್ದು ದುಂಡಗಿತ್ತು. ತಪ್ಪು ಎಲ್ಲಾಗಿದೆ? — ಗೃಹಿಣಿ, ಚಿಕ್ಕಬಳ್ಳಾಪುರ

ಉತ್ತರ: ನಿಮ್ಮ ಆರೈಕೆಯಲ್ಲಿ ತಪ್ಪಿಲ್ಲ, ಬೀಜದ ಮೂಲದಲ್ಲಿ ಇದೆ. ತೋರಣಕ್ಕೆಂದು ಕಿತ್ತ ಹೂವು ಬೀಜಕ್ಕೆಂದು ಬಲಿತ ಹೂವಲ್ಲ. ಹೂ ಅರಳಿದ ಮೇಲೆ ಅದರೊಳಗಿನ ಬೀಜ ಬಲಿಯಲು ಗಿಡದ ಮೇಲೆಯೇ ಇನ್ನೂ ಒಂದು ತಿಂಗಳಾದರೂ ಇರಬೇಕು. ಮಾರಾಟದ ಹೂವನ್ನು ಅರಳಿದ ಹದದಲ್ಲೇ ಕೀಳುವುದರಿಂದ ಅದರಲ್ಲಿರುವುದರಲ್ಲಿ ಬಹುಪಾಲು ಜೊಳ್ಳು. ಒಣಗಿದ ಒಂದು ಹೂವನ್ನು ಬಿಡಿಸಿ ಅಂಗೈಯ ಮೇಲೆ ಹರಡಿ ನೋಡಿ. ಬೀಜವು ತೆಳ್ಳಗೆ ಕಪ್ಪಗಿದ್ದು, ಮೇಲ್ತುದಿಯಲ್ಲಿ ಒಣಹುಲ್ಲಿನ ಬಣ್ಣದ ಸಣ್ಣ ಕುಚ್ಚು ಇರುತ್ತದೆ. ಗಟ್ಟಿ ಬೀಜ ಉಗುರಿನಿಂದ ಒತ್ತಿದರೆ ಬಾಗದು. ಜೊಳ್ಳು ಕಾಗದದಂತೆ ಮಡಚಿಕೊಳ್ಳುತ್ತದೆ, ಬಣ್ಣವೂ ಪೇಲವ. ಮೊರಕ್ಕೆ ಹಾಕಿ ಮೆಲ್ಲಗೆ ಕೇರಿದರೆ ಜೊಳ್ಳು ಬೇರೆಯಾಗುತ್ತದೆ.

ಹೂವಿನ ಆಕಾರ ಬದಲಾದುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ಮಾರುಕಟ್ಟೆಗೆ ಬರುವ ದುಂಡು ಹೂವುಗಳಲ್ಲಿ ಬಹಳಷ್ಟು ಹೈಬ್ರಿಡ್ ತಳಿಗಳವು. ಬೇರೆ ಬೇರೆ ಗುಣದ ಎರಡು ತಳಿಗಳನ್ನು ಕೂಡಿಸಿ ಪಡೆದ ಮೊದಲ ಪೀಳಿಗೆಯಲ್ಲಿ ಎಲ್ಲ ಗಿಡಗಳೂ ಒಂದೇ ಎತ್ತರ, ಒಂದೇ ಗಾತ್ರದ ಹೂವು ಕೊಡುತ್ತವೆ. ಆ ಗಿಡಗಳ ಬೀಜವನ್ನು ಬಿತ್ತಿದಾಗ ಒಳಗೆ ಅಡಗಿದ್ದ ಗುಣಗಳು ಬೇರ್ಪಟ್ಟು, ಮಕ್ಕಳಲ್ಲಿ ಒಂದು ಅಜ್ಜಿಯನ್ನು, ಒಂದು ಅಜ್ಜನನ್ನು ಹೋತು ಬರುವ ಹಾಗೆ ಗಿಡಗಳು ನಾನಾ ಬಗೆಯಾಗುತ್ತವೆ. ಎರಡನೆಯ ಕಾರಣ ಚೆಂಡುಹೂವಿನ ರಚನೆಯಲ್ಲೇ ಇದೆ. ನಾವು ಒಂದು ಹೂವು ಎನ್ನುವುದು ವಾಸ್ತವವಾಗಿ ನೂರಾರು ಕಿರುಹೂಗಳ ಗುಚ್ಛ. ಎಸಳಿನಂತೆ ಚಾಚಿಕೊಂಡಿರುವ ಕಿರುಹೂಗಳಲ್ಲಿ ಅಂಡಾಶಯ ಮಾತ್ರ ಇರುತ್ತದೆ, ಪರಾಗ ಇರುವುದಿಲ್ಲ. ನಡುವೆ ಕೊಳವೆಯಂತಿರುವ ಕಿರುಹೂಗಳಲ್ಲಿ ಎರಡೂ ಇರುತ್ತವೆ. ಹೂವು ಪೂರ್ತಿ ದುಂಡಗಾಗುವುದೆಂದರೆ ನಡುವಿನ ಕೊಳವೆಹೂಗಳೆಲ್ಲ ಎಸಳುಹೂಗಳಾಗಿ ಮಾರ್ಪಡುವುದು. ಅಂಥ ಹೂವಿನಲ್ಲಿ ಪರಾಗವೇ ಉಳಿಯುವುದಿಲ್ಲ. ಅದು ಬೀಜ ಕಟ್ಟಬೇಕಾದರೆ ಜೇನುನೊಣವೋ ಚಿಟ್ಟೆಯೋ ಕೊಳವೆಹೂಗಳಿರುವ, ಅಂದರೆ ಅಷ್ಟು ದುಂಡಗಿಲ್ಲದ ಇನ್ನೊಂದು ಗಿಡದಿಂದ ಪರಾಗ ತರಬೇಕು. ತಾಯಿ ಎಷ್ಟೇ ತುಂಬಿದ ಹೂವಾದರೂ ತಂದೆಯ ಕಡೆಯಿಂದ ಒಂಟಿ ಸುತ್ತಿನ ಗುಣ ಸೇರಿಬಿಡುವುದು ಹೀಗೆ.

ಹಾಗೆಂದು ಮನೆಯ ಬೀಜವನ್ನು ಕೈಬಿಡಬೇಡಿ. ಹೈಬ್ರಿಡ್ ಅಲ್ಲದ, ಮನೆಯಂಗಳದಲ್ಲಿ ತಲೆಮಾರುಗಳಿಂದ ಬಂದ ನಾಟಿ ಚೆಂಡುಹೂವಿನ ಬೀಜ ಸಿಕ್ಕರೆ ಅದನ್ನೇ ಆಧಾರವಾಗಿ ಹಿಡಿಯಿರಿ. ಅದರ ಹೂವು ಸ್ವಲ್ಪ ಚಿಕ್ಕದಾದರೂ ವರ್ಷದಿಂದ ವರ್ಷಕ್ಕೆ ಗುಣ ಉಳಿಸಿಕೊಳ್ಳುತ್ತದೆ. ಗಿಡಗಳು ಹೂಬಿಟ್ಟು ಜೋರಾಗಿರುವಾಗಲೇ, ಕಾಂಡ ಗಟ್ಟಿಯಾಗಿರುವ, ಎಲೆಯಲ್ಲಿ ರೋಗವಿಲ್ಲದ, ನಿಮಗೆ ಮೆಚ್ಚುಗೆಯಾದ ಬಣ್ಣ ಮತ್ತು ತುಂಬಿನ ಹೂವಿರುವ ಐದಾರು ಗಿಡಗಳಿಗೆ ಬಣ್ಣದ ದಾರ ಕಟ್ಟಿ ಗುರುತು ಮಾಡಿ. ಒಂಟಿ ಸುತ್ತಿನ ಹೂಬಿಟ್ಟ ಗಿಡಗಳನ್ನು ಅವುಗಳ ಪರಾಗ ಹರಡುವ ಮೊದಲೇ ಕಿತ್ತುಹಾಕಿ. ಈ ಕಿತ್ತುಹಾಕುವ ಕೆಲಸಕ್ಕೆ ಮನಸ್ಸು ಒಪ್ಪುವುದು ಕಷ್ಟ, ಆದರೆ ತಳಿ ಸುಧಾರಿಸುವುದು ಅದರಿಂದಲೇ. ಗುರುತಿನ ಗಿಡಗಳಲ್ಲಿ ಮೊದಲ ಸುತ್ತಿನ ದೊಡ್ಡ ಹೂವುಗಳಲ್ಲಿ ನಾಲ್ಕೈದನ್ನು ಕೀಳದೆ ಬಿಟ್ಟು, ತೊಟ್ಟು ಕಂದು ಬಣ್ಣಕ್ಕೆ ತಿರುಗಿ ಒಣಗಿದ ಮೇಲೆ, ಮಳೆಯಿಲ್ಲದ ದಿನ ಮಧ್ಯಾಹ್ನ ಕಿತ್ತು ನೆರಳಿನಲ್ಲಿ ಒಣಗಿಸಿ. ಗಿಡ ಸೋತು ಕೊನೆಯಲ್ಲಿ ಬಿಟ್ಟ ಪುಟ್ಟ ಹೂಗಳಿಂದ ಬೀಜ ಹಿಡಿಯುವುದು ಬೇಡ.

ಮೊಗ್ಗು ಹಿಡಿಯದ ಆ ಎತ್ತರದ ಗಿಡವನ್ನು ಕೀಳಬೇಡಿ. ಗೊಬ್ಬರ ಹೆಚ್ಚಾಗಿ ಸೊಕ್ಕಿ ಬೆಳೆದಿರಬಹುದು. ಜೊತೆಗೆ ಕೆಲವು ಚೆಂಡುಹೂವಿನ ಗಿಡಗಳು ಹಗಲಿನ ಅವಧಿ ಕಡಿಮೆಯಾಗುತ್ತ ಬಂದ ಮೇಲೆಯೇ ಬೇಗ ಮೊಗ್ಗಿಗೆ ಬರುತ್ತವೆ. ಗೊಬ್ಬರ ನಿಲ್ಲಿಸಿ, ಕೋಲು ಕಟ್ಟಿ ನಿಲ್ಲಿಸಿಕೊಳ್ಳಿ.

ಪ್ರಶ್ನೆ: ಆಸ್ಟರ್ ಮತ್ತು ಕೋಳಿಜುಟ್ಟು ಹೂವಿನ ಬೀಜಗಳು ಚೆನ್ನಾಗಿ ಮೊಳೆಯುತ್ತವೆ. ಆದರೆ ಎರಡನೆಯ ವಾರದಲ್ಲಿ ಸಸಿಗಳು ಮಣ್ಣಿನ ಮಟ್ಟದಲ್ಲಿ ದಾರದಷ್ಟು ತೆಳ್ಳಗಾಗಿ ಮಲಗಿಬಿಡುತ್ತವೆ. ತಿಪಟೂರಿನ ಕಡೆಯಿಂದ ತಂದ ತೆಂಗಿನ ನಾರಿನ ಪುಡಿ ಮತ್ತು ಮನೆ ಕಟ್ಟಲು ತಂದಿದ್ದ ಎಂ-ಸ್ಯಾಂಡನ್ನು ಸಮಸಮ ಬೆರೆಸಿ ಬಳಸಿದ್ದೇನೆ. ದಿನಕ್ಕೆ ಎರಡು ಬಾರಿ ನೀರು ಹಾಕುತ್ತೇನೆ. — ನಿವೃತ್ತ ಶಿಕ್ಷಕರು, ತುಮಕೂರು

ಉತ್ತರ: ಇದು ಸಸಿ ಕೊಳೆ ರೋಗ. ಪಿಥಿಯಂ, ರೈಜೋಕ್ಟೋನಿಯಾ ಮೊದಲಾದ ಮಣ್ಣಿನ ಸೂಕ್ಷ್ಮಜೀವಿಗಳು ಎಳೆ ಕಾಂಡವನ್ನು ಮಣ್ಣಿನ ಮಟ್ಟದಲ್ಲಿ ಕೊಳೆಸುವುದರಿಂದ ಸಸಿ ಬೀಳುತ್ತದೆ. ಬಿದ್ದ ಸಸಿಯನ್ನು ಯಾವ ಔಷಧಿಯೂ ಎಬ್ಬಿಸಲಾರದು, ಉಳಿದವನ್ನು ಕಾಪಾಡಿಕೊಳ್ಳಬಹುದಷ್ಟೆ. ಬಿದ್ದ ಕಡೆಯ ಸಸಿಗಳನ್ನು ಸುತ್ತಲಿನ ಮಿಶ್ರಣದ ಸಮೇತ ಚಮಚದಿಂದ ತೆಗೆದು ದೂರ ಹಾಕಿ, ಪ್ರತಿ ಲೀಟರ್ ನೀರಿಗೆ 3 ಗ್ರಾಂ ತಾಮ್ರದ ಆಕ್ಸಿಕ್ಲೋರೈಡ್ ಕರಗಿಸಿ ಉಳಿದ ಸಸಿಗಳ ಬುಡ ನೆನೆಯುವಂತೆ ಹಾಕಿ. ಅನಂತರ ಮೇಲ್ಪದರ ಒಣಗಿ ಬಣ್ಣ ತಿಳಿಯಾಗುವವರೆಗೆ ನೀರು ಬೇಡ.

ಮುಂದಿನ ಬಾರಿ ರೋಗ ಬಾರದಂತೆ ಮಾಡಬೇಕಾದರೆ ಮಿಶ್ರಣದಿಂದಲೇ ಆರಂಭಿಸಬೇಕು. ತೆಂಗಿನ ನಾರಿನ ಪುಡಿ ನಿಮ್ಮ ಜಿಲ್ಲೆಯಲ್ಲಿ ಸುಲಭವಾಗಿ ಸಿಗುವ ಉತ್ತಮ ವಸ್ತು. ಅದನ್ನು ಬಿಟ್ಟು ದುಬಾರಿ ಪ್ಯಾಕೆಟ್ ಮಿಶ್ರಣ ಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ. ಆದರೆ ಹೊಸ ಪುಡಿಯಲ್ಲಿ ಪೊಟ್ಯಾಸಿಯಂ, ಸೋಡಿಯಂ, ಕ್ಲೋರೈಡ್ ಲವಣಗಳೂ ಒಗರಿನ ಟ್ಯಾನಿನ್ ಅಂಶವೂ ಇರುತ್ತವೆ. ಗೋಣಿಚೀಲದಲ್ಲಿ ತುಂಬಿ, ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಹಿಂಡಿ, ಮತ್ತೆ ಹೊಸ ನೀರಿನಲ್ಲಿ ನೆನೆಸುವುದನ್ನು ಬಸಿದ ನೀರಿನ ಕಡುಕಂದು ಬಣ್ಣ ತಿಳಿಯಾಗುವವರೆಗೆ ಮಾಡಬೇಕು. ಎಂ-ಸ್ಯಾಂಡ್ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು: ಕಲ್ಲು ಒಡೆದಾಗಿನ ನುಣ್ಣನೆಯ ದೂಳು ಅದರಲ್ಲಿ ಉಳಿದಿದ್ದರೆ, ನೀರು ಬಿದ್ದು ಒಣಗಿದಾಗ ಗಟ್ಟಿ ಪದರವಾಗಿ ನೀರು ಬಸಿಯದಂತೆ ತಡೆಯುತ್ತದೆ. ಜರಡಿಯಲ್ಲಿ ದೂಳು ತೆಗೆದು, ಬಕೆಟ್‌ನಲ್ಲಿ ಕಲಕಿ ರಾಡಿ ನೀರನ್ನು ಚೆಲ್ಲಿ ತೊಳೆದ ದಪ್ಪ ಮರಳನ್ನಷ್ಟೇ ಬಳಸಿ. ತೊಳೆದ ನಾರಿನ ಪುಡಿ ಎರಡು ಪಾಲು, ತೊಳೆದ ಮರಳು ಒಂದು ಪಾಲು, ಪೂರ್ತಿ ಕಳಿತು ಜರಡಿ ಹಿಡಿದ ಎರೆಹುಳು ಗೊಬ್ಬರ ಒಂದು ಪಾಲು ಸೇರಿಸಿದರೆ ಸಸಿಗೆ ಸಾಕು. ಗೊಬ್ಬರದೊಂದಿಗೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ಪುಡಿ ಬೆರೆಸಿ, ತೇವ ಮಾಡಿ, ವಾರದ ಮಟ್ಟಿಗೆ ನೆರಳಿನಲ್ಲಿ ಮುಚ್ಚಿಟ್ಟು ಬಳಸಿದರೆ ಕೊಳೆರೋಗದ ಹಾವಳಿ ಬಹಳ ತಗ್ಗುತ್ತದೆ. ಆದರೆ ಟ್ರೈಕೋಡರ್ಮಾ ಬಳಸಿದ ಮೇಲೆ ತಾಮ್ರದ ಔಷಧಿಯನ್ನು ಅದರ ಹಿಂದೆಯೇ ಹಾಕಬೇಡಿ, ಟ್ರೈಕೋಡರ್ಮಾವೂ ಒಂದು ಶಿಲೀಂಧ್ರವೇ ಆದ್ದರಿಂದ ಆ ಔಷಧಿ ಅದನ್ನೂ ಕೊಲ್ಲಬಹುದು.

ಬೀಜ ಮೊಳೆಯುವವರೆಗೆ ತೇವ ಆರಬಾರದು, ಮೊಳೆತ ಮೇಲೆ ನೀರು ನಿಂತಿರಬಾರದು. ದಿನಕ್ಕೆರಡು ಬಾರಿ ಎಂಬ ಲೆಕ್ಕವನ್ನು ಬಿಟ್ಟು, ಬೆಳಿಗ್ಗೆ ಬೆರಳು ಇಟ್ಟು ನೋಡಿ ಅಗತ್ಯವಿದ್ದರೆ ಮಾತ್ರ ನೀರು ಕೊಡಿ. ಸಂಜೆ ಹಾಕಿದ ನೀರು ರಾತ್ರಿಯಿಡೀ ಕಾಂಡಕ್ಕೆ ಅಂಟಿ ನಿಲ್ಲುವುದರಿಂದ ಸಂಜೆಯ ನೀರು ಬೇಡವೇ ಬೇಡ. ಬೀಜವನ್ನು ಒತ್ತೊತ್ತಾಗಿ ಎರಚದೆ ಸಾಲಿನಲ್ಲಿ ವಿರಳವಾಗಿ ಬಿತ್ತಿ, ಗಾಳಿಯಾಡಲು ಬಿಡಿ. ರಾಗಿಹುಲ್ಲಿನ ಹೊದಿಕೆ ಹಾಕಿದ್ದರೆ, ಮೊದಲ ಮೊಳಕೆಗಳು ಕಾಣಿಸಿದ ದಿನವೇ ಸಂಜೆ ಹುಲ್ಲನ್ನು ತೆಗೆದುಬಿಡಿ.

ಪ್ರಶ್ನೆ: ನಮ್ಮ ತೋಟದ ನೇರಳೆ ಬಣ್ಣದ ಆಸ್ಟರ್ ಬೀಜವನ್ನು ಎರಡು ವರ್ಷಗಳ ಹಿಂದೆ ಡಬ್ಬಿಯಲ್ಲಿ ತುಂಬಿ ಅಟ್ಟದ ಮೇಲೆ ಇಟ್ಟಿದ್ದೆ. ಈಗ ಬಿತ್ತಿದರೆ ಒಂದೂ ಮೊಳೆಯಲಿಲ್ಲ. ಆಸ್ಟರ್ ಬೀಜವನ್ನು ಮನೆಯಲ್ಲಿ ಇಡಲು ಸಾಧ್ಯವಿಲ್ಲವೇ? — ರೈತ ಮಹಿಳೆ, ಮಾಲೂರು ತಾಲ್ಲೂಕು

ಉತ್ತರ: ಖಂಡಿತ ಸಾಧ್ಯವಿದೆ. ಬೀಜ ಹಿಡಿಯಲು ಆಸ್ಟರ್‌ನಷ್ಟು ನೆಚ್ಚಬಹುದಾದ ಹೂವು ವಿರಳ. ಚೆಂಡುಹೂವಿಗೆ ವ್ಯತಿರಿಕ್ತವಾಗಿ ಆಸ್ಟರ್ ಹೆಚ್ಚಾಗಿ ತನ್ನದೇ ಪರಾಗದಿಂದ ಬೀಜ ಕಟ್ಟುವುದರಿಂದ ತಾಯಿಯ ಬಣ್ಣ, ಆಕಾರ ಮಕ್ಕಳಲ್ಲೂ ಬಹುಮಟ್ಟಿಗೆ ಉಳಿಯುತ್ತದೆ. ಆದರೆ ಅದರ ಬೀಜ ಅಲ್ಪಾಯುಷಿ. ಸಾಮಾನ್ಯ ಹವೆಯಲ್ಲಿ ಒಂದು ವರ್ಷ ಕಳೆಯುತ್ತಿದ್ದಂತೆ ಮೊಳೆಯುವ ಶಕ್ತಿ ಬೇಗ ಕುಸಿಯುತ್ತದೆ. ಅದರಲ್ಲೂ ನೀವು ಇಟ್ಟ ಜಾಗ ಅಟ್ಟ. ಬೇಸಿಗೆಯಲ್ಲಿ ಹೊರಗೆ 35 ಡಿಗ್ರಿ ಸೆಲ್ಸಿಯಸ್ ಇದ್ದರೆ ಶೀಟಿನ ಸೂರಿನಡಿಯ ಅಟ್ಟದಲ್ಲಿ ಅದಕ್ಕಿಂತ ಬಹಳ ಹೆಚ್ಚಿರುತ್ತದೆ.

ಬೀಜದ ಆಯುಷ್ಯವನ್ನು ನಿರ್ಧರಿಸುವುದು ಅದರೊಳಗಿನ ತೇವ ಮತ್ತು ಸುತ್ತಲಿನ ಶಾಖ. ಬೀಜಶಾಸ್ತ್ರದಲ್ಲಿ ಹ್ಯಾರಿಂಗ್‌ಟನ್ ನಿಯಮ ಎಂಬ ಸರಳ ಲೆಕ್ಕವೊಂದಿದೆ: ಬೀಜದ ತೇವಾಂಶ ಶೇಕಡಾ 1ರಷ್ಟು ಇಳಿದಾಗಲೆಲ್ಲ, ಅಥವಾ ಇಟ್ಟ ಜಾಗದ ಶಾಖ 5 ಡಿಗ್ರಿಯಷ್ಟು ಇಳಿದಾಗಲೆಲ್ಲ, ಬೀಜದ ಬಾಳಿಕೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಹೀಗಾಗಿ ಹೂವು ಒಣಗಿ, ಬೀಜದ ಬಿಳಿ ಎಳೆಗಳು ಹಿಂಜಿದ ಹತ್ತಿಯಂತೆ ಉಬ್ಬಿ ಮೇಲೆದ್ದಾಗ ಕಿತ್ತು, ನಾಲ್ಕೈದು ದಿನ ನೆರಳಿನಲ್ಲೂ ಅನಂತರ ಒಂದೆರಡು ದಿನ ಬೆಳಗಿನ ಎಳೆಬಿಸಿಲಿನಲ್ಲೂ ಒಣಗಿಸಿ. ಕಾಗದದ ಪೊಟ್ಟಣದಲ್ಲಿ ಕಟ್ಟಿ, ಹೂವಿನ ಬಣ್ಣ ಮತ್ತು ಕಿತ್ತ ತಿಂಗಳನ್ನು ಬರೆದು, ಬಿಗಿಯಾದ ಮುಚ್ಚಳದ ಗಾಜಿನ ಬಾಟಲಿಯಲ್ಲಿ ಹಾಕಿ. ಬಾಟಲಿಯ ತಳದಲ್ಲಿ ಚೆನ್ನಾಗಿ ಒಣಗಿದ ಒಲೆಯ ಬೂದಿಯ ಗಂಟನ್ನೋ, ಔಷಧಿ ಡಬ್ಬಿಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣವನ್ನೋ ಇಡಿ. ಫ್ರಿಜ್ ಇದ್ದರೆ ಅದರ ಕೆಳಗಿನ ತಟ್ಟೆಯಲ್ಲಿಡಿ. ಹೊರತೆಗೆದ ಕೂಡಲೇ ಬಾಟಲಿಯ ಮುಚ್ಚಳ ಬಿಚ್ಚಬೇಡಿ. ಹೊರಗಿನ ಹವೆಗೆ ಹೊಂದಿಕೊಳ್ಳುವ ಮೊದಲೇ ತೆರೆದರೆ ತಣ್ಣನೆಯ ಬೀಜದ ಮೇಲೆ ನೀರಿನ ಪಸೆ ಕೂರುತ್ತದೆ.

ಬಿತ್ತುವ ಮುಂಚೆ 20 ಬೀಜಗಳನ್ನು ಒದ್ದೆ ಹತ್ತಿಬಟ್ಟೆಯಲ್ಲಿ ಸುತ್ತಿಟ್ಟು ನೋಡಿ. ಹತ್ತು ದಿನಗಳಲ್ಲಿ ಅರ್ಧಕ್ಕಿಂತ ಕಡಿಮೆ ಮೊಳೆತರೆ ಆ ಬೀಜವನ್ನು ನೆಚ್ಚಿ ಮಡಿ ಸಿದ್ಧಮಾಡಬೇಡಿ. ಹೊಸದಾಗಿ ಆರಂಭಿಸಲು ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ತಳಿಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಕಾಮಿನಿ ಗಾಢ ಗುಲಾಬಿ, ಪೂರ್ಣಿಮಾ ಬಿಳಿ, ಶಶಾಂಕ್ ಕೆನೆಬಿಳಿ, ನಿಮಗೆ ಪ್ರಿಯವಾದ ನೇರಳೆಗೆ ವಯೊಲೆಟ್ ಕುಶನ್. ಇವು ಹೈಬ್ರಿಡ್ ಅಲ್ಲವಾದ್ದರಿಂದ ಒಮ್ಮೆ ತಂದರೆ ಮುಂದೆ ನಿಮ್ಮದೇ ಬೀಜ ಸಾಕು. ಕೋಲಾರದ ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ತುಮಕೂರಿನ ಓದುಗರಿಗೆ ಹಿರೇಹಳ್ಳಿಯ ಕೇಂದ್ರವೂ, ಚಿಕ್ಕಬಳ್ಳಾಪುರದವರಿಗೆ ಚಿಂತಾಮಣಿ ಬಳಿಯ ಕುರುಬೂರಿನ ಕೇಂದ್ರವೂ ಹತ್ತಿರ. ಒಂದು ಮಾತು ನೆನಪಿರಲಿ: ಆಸ್ಟರ್ ಬೆಳೆದ ಪಾತಿಯಲ್ಲೇ ಮರುವರ್ಷ ಆಸ್ಟರ್ ನೆಡಬಾರದು, ಸೊರಗು ರೋಗದ ಶಿಲೀಂಧ್ರ ಮಣ್ಣಿನಲ್ಲಿ ಉಳಿದಿರುತ್ತದೆ.

ಪ್ರಶ್ನೆ: ನೆರೆಮನೆಯವರು ಕೊಟ್ಟ ಒಂದೇ ಒಂದು ಚೆಂಡುಹೂವಿನ ಗಿಡ ನಮ್ಮ ತಾರಸಿಯಲ್ಲಿದೆ, ಹೂವು ಬಹಳ ಸೊಗಸಾಗಿದೆ. ಬೀಜದಿಂದ ಅದೇ ಹೂವು ಬರುವುದಿಲ್ಲವೆಂದು ಕೇಳಿದ್ದೇನೆ. ಕಡ್ಡಿ ನೆಟ್ಟು ಬೆಳೆಸಬಹುದೇ? — ಕಾಲೇಜು ವಿದ್ಯಾರ್ಥಿನಿ, ಕುಣಿಗಲ್

ಉತ್ತರ: ಧಾರಾಳವಾಗಿ ಬೆಳೆಸಬಹುದು. ನೀವು ಕೇಳಿದ್ದು ಸರಿ, ಕಡ್ಡಿಯಿಂದ ಎದ್ದ ಗಿಡ ತಾಯಿಗಿಡದ ಪಡಿಯಚ್ಚು. ಹೈಬ್ರಿಡ್ ಆಗಿದ್ದರೂ ಗುಣ ಕೆಡುವುದಿಲ್ಲ. ವಾರ್ಷಿಕ ಗಿಡಗಳಿಗೆ ಬೀಜವೊಂದೇ ದಾರಿ ಎಂಬ ನಂಬಿಕೆ ಬಲವಾಗಿ ಬೇರೂರಿರುವುದರಿಂದ ಈ ವಿಧಾನವನ್ನು ಮನೆಗಳಲ್ಲಿ ಬಳಸುವವರು ಕಡಿಮೆ, ಅದು ನನಗೆ ಬೇಸರದ ಸಂಗತಿ.

ಮೊಗ್ಗಿಲ್ಲದ ಪಕ್ಕದ ಕವಲುಗಳನ್ನು ಆರಿಸಿಕೊಳ್ಳಿ. ಕವಲಿನ ತುದಿಯಿಂದ 8–10 ಸೆಂಟಿಮೀಟರ್ ಉದ್ದಕ್ಕೆ, ಎಲೆ ಹುಟ್ಟಿದ ಗಿಣ್ಣಿನ ಸ್ವಲ್ಪ ಕೆಳಗೆ ಹರಿತವಾದ ಬ್ಲೇಡಿನಿಂದ ಕತ್ತರಿಸಿ. ಬೆಳಗಿನ ಹೊತ್ತು ಗಿಡದಲ್ಲಿ ನೀರು ತುಂಬಿರುವಾಗ ಕತ್ತರಿಸುವುದು ಉತ್ತಮ. ಕೆಳಗಿನ ಅರ್ಧಭಾಗದ ಎಲೆಗಳನ್ನೂ, ತುದಿಯಲ್ಲಿ ಸಣ್ಣ ಮೊಗ್ಗು ಕಂಡರೆ ಅದನ್ನೂ ತೆಗೆಯಿರಿ. ಮೊಗ್ಗು ಉಳಿದರೆ ಕಡ್ಡಿಯಲ್ಲಿರುವ ಆಹಾರವೆಲ್ಲ ಅದರ ಪಾಲಾಗಿ ಬೇರು ಬರುವುದು ತಡವಾಗುತ್ತದೆ. ಚೆಂಡುಹೂವಿನ ಕಾಂಡ ಬೇರು ಬಿಡಲು ಉತ್ಸುಕವಾಗಿರುವ ಕಾಂಡ. ಬಲಿತ ಗಿಡದ ಬುಡವನ್ನು ಗಮನಿಸಿದರೆ ಮಣ್ಣಿಗಿಂತ ಮೇಲೆಯೇ ಬಿಳಿ ಗಂಟುಗಳಂತೆ ಬೇರಿನ ಮೊಳಕೆಗಳು ಕಾಣಿಸುತ್ತವೆ. ಆದ್ದರಿಂದ ಬೇರು ಬರಿಸುವ ಹಾರ್ಮೋನು ಪುಡಿಗೆ ಹಣ ಹಾಕಬೇಕಾಗಿಲ್ಲ. ತೊಳೆದ ಮರಳು ಮತ್ತು ತೊಳೆದ ನಾರಿನ ಪುಡಿಯನ್ನು ಸಮನಾಗಿ ಬೆರೆಸಿ ತೂತಿರುವ ಲೋಟದಲ್ಲಿ ತುಂಬಿ, ಬೇರೊಂದು ಒಣ ಕಡ್ಡಿಯಿಂದ ಮೊದಲು ಗುಳಿ ಮಾಡಿ, ಎರಡು ಗಿಣ್ಣು ಒಳಗೆ ಹೋಗುವಂತೆ ನೆಟ್ಟು, ಸುತ್ತ ಅದುಮಿ, ಪಾರದರ್ಶಕ ಪ್ಲಾಸ್ಟಿಕ್ ಚೀಲವನ್ನು ಎಲೆಗೆ ತಾಗದ ಹಾಗೆ ಮುಚ್ಚಿ ನೆರಳಿನಲ್ಲಿಡಿ. ದಿನಕ್ಕೊಮ್ಮೆ ಚೀಲ ತೆಗೆದು ಗಾಳಿಯಾಡಿಸಿ. ಎರಡು ವಾರಗಳ ಆಸುಪಾಸಿನಲ್ಲಿ ಕಡ್ಡಿಯನ್ನು ಮೆಲ್ಲಗೆ ಎಳೆದಾಗ ಬಿಗಿ ಸಿಕ್ಕರೆ ಬೇರು ಬಂದಿದೆಯೆಂದು ತಿಳಿಯಿರಿ. ಅನಂತರ ವಾರಪೂರ್ತಿ ಬೆಳಗಿನ ಬಿಸಿಲಿಗೆ ಸ್ವಲ್ಪಸ್ವಲ್ಪವಾಗಿ ಒಗ್ಗಿಸಿ ಕುಂಡಕ್ಕೆ ವರ್ಗಾಯಿಸಿ.

ಕಡ್ಡಿಯ ಗಿಡ ಗಿಡ್ಡವಾಗಿದ್ದು ಬೀಜದ ಗಿಡಕ್ಕಿಂತ ಬೇಗ ಹೂಬಿಡುತ್ತದೆ, ತಾರಸಿಯ ಕುಂಡಕ್ಕೆ ಅದೇ ಅನುಕೂಲ. ಆದರೆ ತಾಯಿಗಿಡದ ಎಲೆ ಸುರುಟಿದ್ದರೆ ಅಥವಾ ಹೂವಿನ ನಡುವೆ ಹಸಿರು ಎಲೆಗಳಂಥವು ಹೊರಟಿದ್ದರೆ ಅದರಿಂದ ಕಡ್ಡಿ ತೆಗೆಯಬೇಡಿ. ರೋಗವೂ ಕಡ್ಡಿಯೊಂದಿಗೇ ಬರುತ್ತದೆ.

ಪ್ರಶ್ನೆ: ಪೆಟೂನಿಯಾ ಮತ್ತು ಟೇಬಲ್ ರೋಸ್ ಬೀಜ ತರಿಸಿ ಬಿತ್ತಿ, ಮೇಲೆ ಅರ್ಧ ಇಂಚು ಮಣ್ಣು ಮುಚ್ಚಿದ್ದೆ. ಒಂದೂ ಬರಲಿಲ್ಲ. — ಓದುಗರು, ಚಿಂತಾಮಣಿ

ಉತ್ತರ: ಅರ್ಧ ಇಂಚು ಮಣ್ಣು ಆ ಬೀಜಗಳಿಗೆ ಬಹಳ ಭಾರ. ಇವೆರಡೂ ದೂಳಿನಷ್ಟು ಸಣ್ಣ ಬೀಜಗಳು, ಒಂದು ಗ್ರಾಂನಲ್ಲಿ ಸಾವಿರಾರು ಇರುತ್ತವೆ. ಮೊಳೆಯಲು ಬೆಳಕು ಬೇಕು, ಮಣ್ಣನ್ನು ಸೀಳಿ ಬರುವಷ್ಟು ಆಹಾರದ ಸಂಗ್ರಹವೂ ಅವುಗಳಲ್ಲಿ ಇಲ್ಲ. ಒಂದು ಚಿಟಿಕೆ ಬೀಜಕ್ಕೆ ಒಂದು ಚಮಚ ಒಣಗಿದ ನುಣ್ಣನೆಯ ಮರಳು ಬೆರೆಸಿ, ತೇವವಾದ ಮಿಶ್ರಣದ ಮೇಲೆ ಉದುರಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿ, ಏನನ್ನೂ ಮುಚ್ಚದೆ ಬಿಡಿ. ಮೇಲಿನಿಂದ ನೀರು ಹಾಕಿದರೆ ಬೀಜ ಕೊಚ್ಚಿಹೋಗುವುದರಿಂದ ತಟ್ಟೆಯಲ್ಲಿ ನೀರು ಹಾಕಿ ಅದರಲ್ಲಿ ಕುಂಡವನ್ನಿಟ್ಟು, ಮೇಲ್ಪದರ ಒದ್ದೆಯಾದ ಕೂಡಲೇ ಹೊರತೆಗೆಯಿರಿ. ಟೇಬಲ್ ರೋಸ್‌ಗೆ ಬೀಜದ ಗೋಜೇ ಬೇಡ. ಬೆರಳುದ್ದದ ತುಂಡನ್ನು ಮುರಿದು, ಒಂದು ದಿನ ನೆರಳಿನಲ್ಲಿ ಗಾಯ ಆರಿಸಿ, ಮರಳು ಹೆಚ್ಚಿರುವ ಮಣ್ಣಿನಲ್ಲಿ ಚುಚ್ಚಿದರೆ ಸಾಕು. ಇದಕ್ಕೆ ಪ್ರತಿಯಾಗಿ ನಿತ್ಯಪುಷ್ಪದ ಬೀಜ ಕತ್ತಲಿನಲ್ಲಿ ಚೆನ್ನಾಗಿ ಮೊಳೆಯುತ್ತದೆ. ಅದನ್ನು ಮಣ್ಣಿನಿಂದ ಮುಚ್ಚಲೇಬೇಕು.

ಪ್ರಶ್ನೆ: ನಮ್ಮಲ್ಲಿ ಇರುವುದು ಕೊಳವೆಬಾವಿಯ ಗಡಸು ನೀರು. ಸಸಿ ಕುಂಡಗಳ ಅಂಚಿನಲ್ಲಿ ಬಿಳಿ ಪೊರೆ ಕಟ್ಟುತ್ತದೆ, ಎಳೆ ಎಲೆಗಳು ಹಳದಿಯಾಗುತ್ತವೆ. ಮನೆಯ ಆರ್‌ಒ ಯಂತ್ರ ಹೊರಬಿಡುವ ನೀರನ್ನು ಸಸಿಗಳಿಗೆ ಹಾಕಬಹುದೇ? — ಅಂಗನವಾಡಿ ಕಾರ್ಯಕರ್ತೆ, ಬಾಗೇಪಲ್ಲಿ ತಾಲ್ಲೂಕು

ಉತ್ತರ: ದಯವಿಟ್ಟು ಹಾಕಬೇಡಿ. ಯಂತ್ರ ಹೊರಬಿಡುವ ನೀರಿನಲ್ಲಿ ಮೂಲ ನೀರಿನ ಲವಣಗಳು ಇನ್ನಷ್ಟು ಸಾಂದ್ರವಾಗಿರುತ್ತವೆ. ಬಲಿತ ಮರಕ್ಕೆ ನಡೆದೀತು, ಎಳೆ ಬೇರಿಗೆ ನಡೆಯದು. ನೀರು ಆವಿಯಾದಾಗ ಉಳಿಯುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳೇ ಬಿಳಿ ಪೊರೆ. ಗಡಸು ನೀರಿನ ಬೈಕಾರ್ಬೊನೇಟ್ ಅಂಶ ದಿನಕಳೆದಂತೆ ಮಣ್ಣಿನ ಕ್ಷಾರತೆಯನ್ನು ಏರಿಸುವುದರಿಂದ, ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಗಿಡಕ್ಕೆ ದೊರೆಯುವುದಿಲ್ಲ. ಎಲೆಯ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾಗಿದ್ದರೆ ನಿಮ್ಮಲ್ಲಿ ಆಗಿರುವುದು ಇದೇ. ಪೆಟೂನಿಯಾದಲ್ಲಿ ಇದು ಎಲ್ಲಕ್ಕಿಂತ ಮೊದಲು ಕಾಣಿಸುತ್ತದೆ.

ಸಸಿಗಳಿಗೆ ಬೇಕಾಗುವ ನೀರು ಬಹಳ ಸ್ವಲ್ಪ. ಈ ಭಾಗದಲ್ಲಿ ಮಳೆ ಹೆಚ್ಚಾಗಿ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಬೀಳುತ್ತದೆ. ಸೂರಿನ ನೀರನ್ನು, ಮೊದಲ ಮಳೆಯ ಕೊಳೆ ಹರಿದುಹೋದ ಮೇಲೆ, ಒಂದೆರಡು ಡ್ರಮ್ಮುಗಳಲ್ಲಿ ಹಿಡಿದು ಸೊಳ್ಳೆ ಬಾರದಂತೆ ಬಟ್ಟೆ ಕಟ್ಟಿ ಮುಚ್ಚಿಟ್ಟರೆ ಒಂದು ಋತುವಿನ ಸಸಿಗಳಿಗೆ ಸಾಕಾಗುತ್ತದೆ. ಅದು ಮುಗಿದಾಗ ಕೊಳವೆಬಾವಿಯ ನೀರನ್ನೇ ಬಳಸಬೇಕಾದರೆ, ಪ್ರತಿ ಬಾರಿ ತುಸುತುಸು ಹಾಕುವುದಕ್ಕಿಂತ, ಒಣಗಿದಾಗ ಕುಂಡದ ತಳದಿಂದ ಬಸಿದುಹೋಗುವಷ್ಟು ಹಾಕಿ. ಲವಣ ಮೇಲೆ ಶೇಖರವಾಗದೆ ತೊಳೆದುಹೋಗುತ್ತದೆ. ಹಳದಿಯಾದ, ನಾಲ್ಕಾರು ಎಲೆ ಬಂದ ಸಸಿಗಳಿಗೆ ಒಂದು ಲೀಟರ್ ಮಳೆನೀರಿಗೆ 2 ಗ್ರಾಂ ಫೆರಸ್ ಸಲ್ಫೇಟ್ ಮತ್ತು ಕೆಲವು ಹನಿ ನಿಂಬೆರಸ ಸೇರಿಸಿ, ಬಿಸಿಲಿಳಿದ ಮೇಲೆ ಎಲೆಗಳಿಗೆ ಸಿಂಪಡಿಸಿ.

ಪ್ರಶ್ನೆ: ಗಣೇಶನ ಹಬ್ಬ, ದಸರಾ, ದೀಪಾವಳಿ ಹೀಗೆ ಹಬ್ಬಗಳಿಗೆ ಸರಿಯಾಗಿ ಹೂವು ಸಿಗಬೇಕಾದರೆ ಯಾವಾಗ ಬಿತ್ತಬೇಕು? ನವೆಂಬರ್‌ನಲ್ಲಿ ಬಿತ್ತಿದ ಕಾಸ್ಮಾಸ್ ಮೊಣಕಾಲೆತ್ತರಕ್ಕೂ ಬೆಳೆಯದೆ ಹೂಬಿಟ್ಟಿತು, ಜೂನ್‌ನಲ್ಲಿ ಬಿತ್ತಿದ್ದು ಆಳೆತ್ತರ ಬೆಳೆಯಿತು. ಇದೇಕೆ? — ರೈಲ್ವೆ ನೌಕರರು, ಬಂಗಾರಪೇಟೆ

ಉತ್ತರ: ಹಬ್ಬದ ದಿನದಿಂದ ಹಿಂದಕ್ಕೆ ಎಣಿಸಬೇಕು. ಚೆಂಡುಹೂವು ಬಿತ್ತನೆಯಿಂದ ಮೊದಲ ಹೂವಿಗೆ ತಳಿಯನ್ನನುಸರಿಸಿ 60ರಿಂದ 75 ದಿನ ತೆಗೆದುಕೊಳ್ಳುತ್ತದೆ, ಹೂವಿನ ರಾಶಿ ಬರುವುದು ಅದರ ಮುಂದಿನ ವಾರಗಳಲ್ಲಿ. ಅಕ್ಟೋಬರ್ ಆರಂಭದ ದಸರಾಕ್ಕೆ ಜುಲೈ ಮೊದಲ ಪಕ್ಷದಲ್ಲಿ ಬೀಜ ಮಡಿಗೆ ಬೀಳಬೇಕು, ದೀಪಾವಳಿಗಾದರೆ ಜುಲೈ ಕೊನೆಯಲ್ಲಿ. ಗಣೇಶನ ಹಬ್ಬಕ್ಕೆ ಜೂನ್ ಮೊದಲ ವಾರದಲ್ಲೇ ಬಿತ್ತಿ. ಆಸ್ಟರ್‌ಗೆ ಸುಮಾರು ನಾಲ್ಕು ತಿಂಗಳು ಕೊಡಿ. ಸಸಿಗಳನ್ನು ಮೂರರಿಂದ ನಾಲ್ಕು ವಾರಗಳಾದಾಗ ಕಿತ್ತು ನೆಟ್ಟು, ಚೆಂಡುಹೂವಿನ ಗಿಡ ಹಿಡಿದು ಮೇಲೆದ್ದ ಮೇಲೆ ಒಮ್ಮೆ ಕುಡಿ ಚಿವುಟಿ. ಮೊದಲ ಹೂವು ವಾರದಷ್ಟು ತಡವಾದರೂ ಕವಲುಗಳು ಹೆಚ್ಚಿ ಹೂವು ಇಮ್ಮಡಿಸುತ್ತದೆ. ಹಬ್ಬಕ್ಕೆ ದಿನ ಕಡಿಮೆ ಉಳಿದಿದ್ದರೆ ಮಾತ್ರ ಚಿವುಟಬೇಡಿ.

ಕಾಸ್ಮಾಸ್‌ನ ವರ್ತನೆಗೆ ಕಾರಣ ಹಗಲಿನ ಉದ್ದ. ನಿಮ್ಮ ಊರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಜೂನ್ ಕೊನೆಯಲ್ಲಿ ಹಗಲು ಹೆಚ್ಚುಕಡಿಮೆ 12 ಗಂಟೆ 50 ನಿಮಿಷವಿದ್ದರೆ ಡಿಸೆಂಬರ್ ಕೊನೆಯಲ್ಲಿ 11 ಗಂಟೆ 20 ನಿಮಿಷಕ್ಕೆ ಇಳಿಯುತ್ತದೆ. ವ್ಯತ್ಯಾಸ ಒಂದೂವರೆ ಗಂಟೆಯಷ್ಟೇ ಆದರೂ ಕಾಸ್ಮಾಸ್ ಅದನ್ನು ಗುರುತಿಸುತ್ತದೆ. ಹಗಲು ಚಿಕ್ಕದಾದಾಗ ಹೂವಿಗೆ ತಿರುಗುವ ಗಿಡ ಅದು. ಹಗಲು ದೊಡ್ಡದಿರುವಾಗ ಹುಟ್ಟಿದ ಸಸಿಗೆ ಬೆಳೆಯಲು ತಿಂಗಳುಗಳು ಸಿಗುತ್ತವೆ. ನವೆಂಬರ್‌ನಲ್ಲಿ ಹುಟ್ಟಿದ್ದು ಎಳೆಯದಿರುವಾಗಲೇ ಮೊಗ್ಗಿಗೆ ಬಂದುಬಿಡುತ್ತದೆ. ಕುಂಡದಲ್ಲಿ ಗಿಡ್ಡ ಗಿಡ ಬೇಕಿದ್ದರೆ ಅಕ್ಟೋಬರ್, ನವೆಂಬರ್‌ನಲ್ಲಿ ಬಿತ್ತಿ. ಬೇಲಿಯಂಚಿನ ಎತ್ತರದ ಸಾಲಿಗೆ ಜುಲೈ ಕೊನೆ ಅಥವಾ ಆಗಸ್ಟ್ ಒಳ್ಳೆಯದು. ಕಾಸ್ಮಾಸ್ ಮತ್ತು ಜಿನ್ನಿಯಾಗಳನ್ನು ಸಸಿ ಮಾಡಿ ಕಿತ್ತು ನೆಡುವುದಕ್ಕಿಂತ ಇದ್ದ ಜಾಗದಲ್ಲೇ ಬಿತ್ತಿ ತೆಳುಮಾಡುವುದು ಮೇಲು.

ಪ್ರಶ್ನೆ: ಸೇವಂತಿಗೆ ಮತ್ತು ಕನಕಾಂಬರವನ್ನೂ ಇದೇ ರೀತಿ ಬೀಜದಿಂದ ಬೆಳೆಸಬಹುದೇ? — ಓದುಗರು, ಮುಳಬಾಗಿಲು

ಉತ್ತರ: ಇವೆರಡೂ ಬಹುವಾರ್ಷಿಕ ಗಿಡಗಳು. ಸೇವಂತಿಗೆಯನ್ನು ಹೂವಿನ ಕಾಲ ಮುಗಿದ ಮೇಲೆ ಬುಡದಿಂದ ಹೊರಡುವ ಕಂದುಗಳಿಂದಲೋ ಕುಡಿ ಕಡ್ಡಿಗಳಿಂದಲೋ ಬೆಳೆಸಬೇಕು, ಬೀಜದಿಂದ ತಾಯಿಯ ಗುಣ ಬರುವುದಿಲ್ಲ. ಸಾಮಾನ್ಯ ಕನಕಾಂಬರ ಬೀಜದಿಂದ ಬರುತ್ತದೆ. ದೆಹಲಿ ಕನಕಾಂಬರ ಬೀಜ ಕಟ್ಟುವುದಿಲ್ಲವಾದ್ದರಿಂದ ಅದಕ್ಕೆ ಕಡ್ಡಿಯೇ ದಾರಿ.

ಪ್ರಶ್ನೆ: ಕರ್ಣಕುಂಡಲದ ಬೀಜ ಹಿಡಿಯಲು ಹೋದರೆ ಕಾಯಿ ಮುಟ್ಟಿದ ಕೂಡಲೇ ಸಿಡಿದು ಬೀಜವೆಲ್ಲ ಚೆಲ್ಲಿಹೋಗುತ್ತದೆ. ಬಲಿಯುವ ಮೊದಲೇ ಕಿತ್ತರೆ ಬೀಜ ಬಿಳಿಯಾಗಿರುತ್ತದೆ. ಉಪಾಯವೇನು? — ಪ್ರೌಢಶಾಲಾ ವಿದ್ಯಾರ್ಥಿ, ಶಿರಾ

ಉತ್ತರ: ಕಾಯಿಯನ್ನು ದಿನವೂ ಗಮನಿಸು. ಎಳೆಯದಾಗಿರುವಾಗ ಅದು ಗಾಢ ಹಸಿರಾಗಿ, ನವಿರಾದ ರೋಮಗಳಿಂದ ತುಂಬಿರುತ್ತದೆ. ಬಲಿಯುತ್ತ ಬಂದಂತೆ ಉಬ್ಬಿ, ಬಣ್ಣ ತಿಳಿಹಳದಿಗೆ ತಿರುಗಿ, ಮೈಮೇಲಿನ ಉದ್ದಗೆರೆಗಳು ಸ್ಪಷ್ಟವಾಗುತ್ತವೆ. ಆ ಹಂತದಲ್ಲಿ ಎಡಗೈಯನ್ನು ಬೊಗಸೆ ಮಾಡಿ ಕಾಯಿಯನ್ನು ಪೂರ್ತಿ ಒಳಗೆ ಸೇರಿಸಿಕೊಂಡು, ಬಲಗೈಯಿಂದ ತೊಟ್ಟನ್ನು ಚಿವುಟು. ಸಿಡಿದರೂ ಬೀಜ ಕೈಯಲ್ಲೇ ಉಳಿಯುತ್ತದೆ. ಶಾಲೆಗೆ ಹೋಗುವ ಹೊತ್ತಿನಲ್ಲಿ ಸಿಡಿಯುವ ಭಯವಿದ್ದರೆ ಹಿಂದಿನ ಸಂಜೆಯೇ ತೆಳುವಾದ ಹಳೆಯ ಬಟ್ಟೆಯ ತುಂಡನ್ನು ಕಾಯಿಯ ಸುತ್ತ ಸಡಿಲವಾಗಿ ಕಟ್ಟಿಡು. ಕಂದು ಅಥವಾ ಕಪ್ಪಗಿರುವ ಬೀಜಗಳನ್ನು ಮಾತ್ರ ಆರಿಸಿ, ವಾರದವರೆಗೆ ನೆರಳಿನಲ್ಲಿ ಒಣಗಿಸಿ, ಒಂದೊಂದು ಬಣ್ಣದ ಹೂವಿನ ಬೀಜಗಳನ್ನು ಬೇರೆ ಬೇರೆ ಪೊಟ್ಟಣಗಳಲ್ಲಿ ಇಟ್ಟು, ಮುಂಗಾರಿನ ಮೊದಲ ಒಳ್ಳೆಯ ಮಳೆ ಬಿದ್ದ ಮೇಲೆ ಅರೆನೆರಳಿರುವ ಪಾತಿಯಲ್ಲಿ ನೇರವಾಗಿ ಬಿತ್ತು.